ಉಪ್ಪು ನೋಡುವವಳು

ಆದೋನಿ
ಸೋಮವಾರ, 10-1-1955

ತಂಗಿ ಶಂಕರಮ್ಮನಿಗೆ ಮಹಾಂತಮ್ಮನ ಶರಣು.

ಇವತ್ತು ಸೋಮವಾರ, ನನ್ನ ಉಪವಾಸ. ನಸುಕಿನಲ್ಲೆದ್ದು ಒಲೆ ಸಾರಿಸಿದೆ, ಎರಡು ಒಲೆಗೂ ವಿಭೂತಿ ಹಚ್ಚಿದೆ, ಲಿಂಗಪೂಜೆ ಮುಗಿಸಿ ಬೇಳೆಗೆ ಎಸರಿಟ್ಟೆ. ಹುಡುಗರು ಉಂಡು ಶಾಲೆಗೆ ಹೋದರು. ಪಕೀರಮ್ಮ ಹಿತ್ತಲಲ್ಲಿ ಹಂಡೆ ತಿಕ್ಕುತ್ತಿದ್ದಾಳೆ. ಕೈ ಬಿಡುವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಕಾರಣ ಇಲ್ಲ.

ಕಾರ್ತಿಕದಲ್ಲಿ ಗಂಟು ಕಟ್ಟಿಕೊಂಡು ತಮ್ಮ ಜಂಬಪ್ಪನ ಮನೆಗೆ ಹೋದವಳು ನೀನು. ಕೇಳಿದವರಿಗೆಲ್ಲ ನಾಲ್ಕು ದಿನ ಇದ್ದು ಬರುತ್ತಾಳೆ ಎಂದು ಹೇಳುತ್ತಾ ಬಂದೆ. ಈಗ ಸಂಕ್ರಾಂತಿ ಹತ್ತಿರ ಬಂತು, ಕೇಳುವವರು ಕೇಳುವುದನ್ನೇ ಬಿಟ್ಟಿದ್ದಾರೆ.

ಅವತ್ತು ನಾನು ಆಡಿದ ಮಾತಿನಲ್ಲಿ ಸುಳ್ಳಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ನೆಗೆಣ್ಣಿಯರಾದೆವು, ಇಬ್ಬರೂ ಕುಂಕುಮ ಕಳೆದುಕೊಂಡು ಓದುವ ಹುಡುಗರ ಈ ಪ್ರಸಾದ ನಿಲಯದ ಒಲೆ ಹಿಡಿದೆವು. ಬಂದ ದಿನವೇ ನಿನಗೆ ಹೇಳಿದ್ದೆ: ಅಡುಗೆ ಮೊದಲು ಗುರುವಿನ ಗದ್ದುಗೆಗೆ ಎಡೆಯಾಗಬೇಕು, ಅಲ್ಲಿವರೆಗೂ ಯಾರ ನಾಲಿಗೆಗೂ ಮುಟ್ಟಬಾರದು. ಎಡೆಯಾದ ಮೇಲೆ ಅದು ಅಡುಗೆಯಲ್ಲ, ಪ್ರಸಾದ. ನೀನು ಹ್ಞೂಂ ಅಂದಿದ್ದೆ. ಅವತ್ತು ಸೌದೆಗೆಂದು ಹೊರಳಿ ನೋಡಿದರೆ, ಒರಳಿನ ಹಿಂದೆ ನಿಂತು ಅಂಗೈ ಮೇಲೆ ಸಾರು ಹಾಕಿಕೊಂಡು ನೆಕ್ಕುತ್ತಿದ್ದೆ. ಕಣ್ಣಾರೆ ಕಂಡದ್ದನ್ನು ಹೇಗೆ ನುಂಗಲಿ? ನಿಲಯ ನಡೆಸುವ ಮರಿಬಸಪ್ಪನವರು ಬಂದು ಕೂತಿದ್ದರು, ಹುಡುಗರ ಪಂಕ್ತಿ ಕೂತಿತ್ತು. ಅವರ ಮುಂದೆ ಎಂಜಲು ಮಾಡಿದವಳು ಅಂದದ್ದು ತಪ್ಪಿರಬಹುದು. ಅಂದ ಮಾತಿನಲ್ಲಿ ತಪ್ಪಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ನೀನು ಹೋದೆ ಎಂದು ಒಲೆ ನಿಂತಿಲ್ಲ. ಹುಡುಗರು ಒಂದು ಮಾತೂ ಆಡದೆ ಉಣ್ಣುತ್ತಾರೆ, ಪಂಕ್ತಿಯಲ್ಲಿ ಮುಂಚಿನ ಗದ್ದಲವಿಲ್ಲ. ನೀರು ತುಂಬುವ ಸುಂಕಣ್ಣ ಮಾತ್ರ ಗೊಣಗುತ್ತಾನೆ. ಮುಂಚೆ ಕುಡಿಯುವ ನೀರಿಗೆ ಒಂದು ಹರವಿ ಸಾಕಾಗುತ್ತಿತ್ತಂತೆ, ಈಗ ಎರಡು ತುಂಬಿದರೂ ಮಧ್ಯಾಹ್ನದ ಹೊತ್ತಿಗೆ ತಳ ಕಾಣುತ್ತದಂತೆ. "ಇವು ಹುಡುಗರೋ ಎತ್ತುಗಳೋ ಅಮ್ಮಾರ" ಅಂದ. ಈ ವರ್ಷ ಬಾವಿಯ ನೀರು ಸಿಹಿ ಇರಬೇಕು, ಕುಡಿಯಲಿ ಬಿಡು ಅಂದೆ.

ನಿನ್ನ ಮಂಡಿನೋವು ಹೇಗಿದೆ? ಚಳಿಗೆ ಹೆಚ್ಚಾಗುತ್ತದೆ. ಎಳ್ಳೆಣ್ಣೆ ಕಾಯಿಸಿ ಹಚ್ಚಿಕೋ. ಇಲ್ಲಿದ್ದರೆ ನಾನೇ ಹಚ್ಚುತ್ತಿದ್ದೆ ಎಂದು ಬರೆಯುತ್ತಿಲ್ಲ, ಸುಮ್ಮನೆ ಎಣ್ಣೆಯ ಮಾತು ಬಂತೆಂದು ಬರೆದೆ.

ಇತಿ,
ಮಹಾಂತಮ್ಮ


ಆದೋನಿ
ಸೋಮವಾರ, 31-1-1955

ಶಂಕರಮ್ಮನಿಗೆ ಶರಣು.

ನನ್ನ ಕಾಗದ ಮುಟ್ಟಿತೋ ಇಲ್ಲವೋ. ವಿಳಾಸದಲ್ಲಿ ಬಳ್ಳಾರಿ ಜಿಲ್ಲೆ ಎಂದೇ ಬರೆದುಬಿಟ್ಟಿದ್ದೆ, ರೂಢಿ ಹೋಗುವುದಿಲ್ಲ. ಈಗ ನಾವೆಲ್ಲ ಕರ್ನೂಲು ಜಿಲ್ಲೆಯವರಾಗಿ ವರ್ಷ ದಾಟಿತು ಎಂದು ಅಂಚೆಯವನು ನಗಾಡಿದ. ಹಾಗಾಗಿ ತಡವಾಗಿರಬಹುದು ಅಂದುಕೊಂಡಿದ್ದೇನೆ. ನೀನು ಬೇಕೆಂದೇ ಉತ್ತರ ಕೊಡಲಿಲ್ಲ ಎಂದುಕೊಂಡಿಲ್ಲ.

ಹೋದ ಕಾಗದದಲ್ಲಿ ಹೇಳಲಿಲ್ಲ, ನಿನ್ನ ಜಾಗಕ್ಕೆ ಕಾರ್ತಿಕದಲ್ಲೇ ವೀರಬಸಮ್ಮ ಎಂಬುವಳು ಬಂದಳು, ಗೋನೆಗಂಡ್ಲದ ಕಡೆಯವಳು. ಒಳ್ಳೆಯ ಹೆಂಗಸು. ಏನು ಹೇಳಿದರೂ "ಹ್ಞೂಂ ಅಕ್ಕ" ಅನ್ನುತ್ತಾಳೆ. ಬದನೆಕಾಯಿ ಎಳೆಯದಿದೆಯಾ ಅಂದರೆ ಹ್ಞೂಂ ಅಕ್ಕ, ಬಲಿತಿದೆಯಾ ಅಂದರೂ ಹ್ಞೂಂ ಅಕ್ಕ. ಮೊದಲ ವಾರ ಹಾಯೆನಿಸಿತು. ನಿನ್ನ ಹಾಗೆ ಪ್ರತಿಯೊಂದಕ್ಕೂ "ಅದ್ಹೆಂಗ ಆಗ್ತದಕ್ಕ" ಎಂದು ಸೊಂಟದ ಮೇಲೆ ಕೈಯಿಡುವವರು ಯಾರೂ ಇಲ್ಲ. ಎರಡನೇ ವಾರದಿಂದ ಒಲೆಯ ಮುಂದೆ ನಾನೊಬ್ಬಳೇ ಇದ್ದೇನೆ ಅನ್ನಿಸತೊಡಗಿದೆ.

ಅಮಾವಾಸ್ಯೆಯ ದಿನ ಮರಿಬಸಪ್ಪನವರು ಊಟಕ್ಕೆ ಬಂದಿದ್ದರು. ಹತ್ತಿ ವ್ಯಾಪಾರದ ಇಬ್ಬರು ಹೊಸಬರನ್ನು ಜೊತೆಗೆ ಕರೆತಂದಿದ್ದರು. ಈ ನಿಲಯ ನಡೆಸುವವರಲ್ಲಿ ಅವರೇ ಹಿರಿಯರಲ್ಲವೇ, ಬಂದವರಿಗೆಲ್ಲ ನನ್ನ ವಿಷಯ ಹೇಳುವುದು ಅವರಿಗೆ ಅಭ್ಯಾಸ. "ನಾಲಿಗಿ ಮುಟ್ಟಸಲಾರದ ಅಡಿಗಿ ಮಾಡೋ ಕೈ ಇದು. ಆಕಿ ಉಪ್ಪು ಬಿಟ್ಟು ಎಷ್ಟು ವರ್ಷಾತು, ಆದ್ರೂ ಸಾರಿನ ಹದ ತಪ್ಪಂಗಿಲ್ಲ" ಅಂದರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಕೇಳಿ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಬಂದವರು ಸಾರು ಕಲಸಿಕೊಂಡು ಉಂಡರು, ಪ್ರಸಾದ ಎಂದು ಕಣ್ಣಿಗೊತ್ತಿಕೊಂಡರು. ಮಜ್ಜಿಗೆಯನ್ನು ಮಾತ್ರ ಲೋಟದ ಮೇಲೆ ಲೋಟ ಕುಡಿದರು. ಬಿಸಿಲಲ್ಲಿ ಬಂದಿದ್ದರೇನೋ.

ಆ ಮಾತು ಕೇಳುವಾಗ ನಾನು ಉಪ್ಪು ಬಿಟ್ಟ ವರ್ಷ ನೆನಪಾಯಿತು. ವಿಷಮಜ್ವರದಲ್ಲಿ ನೀನು ನನ್ನ ಗುರುತೂ ಹಿಡಿಯದೆ ಮಲಗಿದ್ದೆ. ತುಟಿ ಒಡೆದು ಕರಿಗಟ್ಟಿತ್ತು. ಡಾಕ್ಟರು ತಲೆಯಾಡಿಸಿ ಹೋಗಿದ್ದರು. ಅಂಗೈಯಲ್ಲಿ ಲಿಂಗ ಹಿಡಿದು, ಇವಳು ಎದ್ದು ಕೂತರೆ ಸಾಯುವವರೆಗೂ ಉಪ್ಪು ಮುಟ್ಟುವುದಿಲ್ಲ ಎಂದು ಬೇಡಿಕೊಂಡೆ. ನೀನು ಎದ್ದು ಕೂತೆ. ಅವತ್ತಿನಿಂದ ನನ್ನ ರೊಟ್ಟಿ, ನನ್ನ ಬೇಳೆ ಎಲ್ಲ ಸಪ್ಪೆ. ಅದರ ಬಗ್ಗೆ ನನಗೆ ಯಾವತ್ತೂ ಬೇಜಾರಾಗಿಲ್ಲ. ಎದುರಿಗೆ ಕೂತು ನೀನು ಉಪ್ಪಿನಕಾಯಿ ಚೀಪುವುದನ್ನು ನೋಡಿದರೆ ನನಗೇ ರುಚಿ ಸಿಕ್ಕಂತಾಗುತ್ತಿತ್ತು. ಈಗ ಎದುರಿಗೆ ಗೋಡೆ ಇದೆ.

ಆ ಗೋಡೆಯ ಮಾತು ಬಂತು, ಹೇಳಿಬಿಡುತ್ತೇನೆ. ಸುಣ್ಣ ಬಳಿಯುವವರು ಬಂದಿದ್ದರು. ನೀನು ಬೆನ್ನು ಕೊಟ್ಟು ಕೂರುತ್ತಿದ್ದ ಜಾಗ ಎಣ್ಣೆಗಟ್ಟಿ ಮಿಂಚುತ್ತದಲ್ಲ, ಅಲ್ಲಿ ಬಳಿಯಬೇಡಿ ಅಂದೆ. ಯಾಕೆ ಎಂದು ಕೇಳಿದರು. ಸುಣ್ಣ ಉಳಿಸಿರಪ್ಪ ಅಂದೆ.

ಇತಿ,
ಮಹಾಂತಮ್ಮ


ಆದೋನಿ
ಸೋಮವಾರ, 28-2-1955

ತಂಗಿ ಶಂಕರಮ್ಮ,

ಇವತ್ತೂ ಉಪವಾಸ. ಶಿವರಾತ್ರಿ ಚೆನ್ನಾಗಿ ಆಯಿತು. ಅದನ್ನೆಲ್ಲ ಬರೆಯಲು ಮನಸ್ಸಿಲ್ಲ.

ಮೊನ್ನೆ ವೀರಬಸಮ್ಮನಿಗೆ ಜ್ವರ ಬಂತು. ಬಡಿಸುವವರು ಇರಲಿಲ್ಲ. ನಿನಗೆ ಗೊತ್ತು, ಇಷ್ಟು ವರ್ಷ ನಾನು ಪಂಕ್ತಿಯ ಪಡಸಾಲೆಗೆ ಕಾಲಿಟ್ಟವಳಲ್ಲ. ಬೇಯಿಸುವುದು ನನ್ನದು, ಬಡಿಸುವುದು ನಿನ್ನದು. ಎಡೆ ಹಿಡಿದು ಬಂದು ಒಲೆಯ ಮುಂದೆ ಕೂತರೆ ನನ್ನ ಕೆಲಸ ಮುಗಿಯಿತು ಎಂದೇ ಇದ್ದೆ. ಉಣ್ಣುವವರ ಮುಖವನ್ನು ನಾನು ಹತ್ತಿರದಿಂದ ನೋಡಿಯೇ ಇಲ್ಲ ಎಂಬುದು ಅವತ್ತು ಸಾರಿನ ಬಕೆಟ್ಟು ಹಿಡಿದು ಹೊಸ್ತಿಲು ದಾಟಿದಾಗ ಗೊತ್ತಾಯಿತು.

ಏನು ನೋಡಿದೆ ಕೇಳು. ಒಬ್ಬ ಅನ್ನಕ್ಕೆ ಕಲಸಿದ ಸಾರನ್ನು ಮುಷ್ಟಿಯಲ್ಲಿ ಹಿಂಡಿ ತಟ್ಟೆಯಂಚಿಗೆ ಬಿಡುತ್ತಿದ್ದ. ಇನ್ನೊಬ್ಬ ಸಾರಿಗೆ ಲೋಟದಿಂದ ನೀರು ಸುರಿದುಕೊಂಡ. ಮ್ಯಾಟ್ರಿಕ್ ಓದುವ ಎಮ್ಮಿಗನೂರಿನ ದೊಡ್ಡ ಹುಡುಗ ಜೇಬಿನಿಂದ ಬೆಲ್ಲದ ಚೂರು ತೆಗೆದು ರೊಟ್ಟಿಗೆ ನಂಜಿಕೊಂಡ. ಯಾರೂ ತಲೆಯೆತ್ತಲಿಲ್ಲ. ಯಾರೂ ಮಾತಾಡಲಿಲ್ಲ. ಪ್ರಸಾದ ಚೆಲ್ಲಬಾರದಲ್ಲ, ಕೊನೆಗೆ ಹಿಂಡಿಟ್ಟ ಸಾರನ್ನೂ ಕಣ್ಣು ಮುಚ್ಚಿ ಕುಡಿದರು. ಎದ್ದವರು ಎದ್ದವರೇ ಹರವಿಯ ಮುಂದೆ ಸಾಲು ನಿಂತರು.

ಬಕೆಟ್ಟು ಕೆಳಗಿಟ್ಟು ಆ ದೊಡ್ಡ ಹುಡುಗನನ್ನು ಕೇಳಿದೆ, ಉಪ್ಪು ಹೆಚ್ಚಾಗಿದೆಯೇನಪ್ಪ ಎಂದು. ಅವನು ನೆಲ ನೋಡುತ್ತಾ, ಪ್ರಸಾದ ಅಮ್ಮ, ಪ್ರಸಾದಕ್ಕೆ ಹಾಗೆಲ್ಲ ಅನ್ನಬಾರದು ಅಂದ. ಹಾಗೆ ಅನ್ನಬಾರದು ಎಂದು ಈ ಮಕ್ಕಳಿಗೆ ಕಲಿಸಿದವಳು ನಾನೇ.

ಹಿತ್ತಲಿಗೆ ಹೋದೆ. ಪಕೀರಮ್ಮ ತಳದಲ್ಲಿ ಉಳಿದದ್ದನ್ನು ಮನೆಗೆ ಒಯ್ಯುವವಳು, ಅವಳಿಗೆ ಗೊತ್ತಿರಲೇಬೇಕು. ಕೇಳಿದೆ. "ನಾಕೇಮಿ ತೆಲುಸಮ್ಮಾ" ಅಂದಳು. ತಪ್ಪಿಸಿಕೊಳ್ಳಬೇಕಾದಾಗ ಅವಳಿಗೆ ತೆಲುಗು ಬರುತ್ತದೆ. ನನಗೇನು ತೆಲುಗು ಬಾರದೇ? ತಿಂದವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಹೇಳು ಎಂದು ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಬೂದಿಗೈಯನ್ನು ಹಾಗೇ ಹಿಡಿದುಕೊಂಡು ಹೇಳಿದಳು: "ಶಂಕರಮ್ಮ ಹೋದಾಗಿನಿಂದ ಬಾಯಾಗ ಇಡಾಕ ಆಗವಲ್ದು. ನಮ್ಮ ಮನ್ಯಾಗ ನೀರು ಬೆರಸಿ ಕುಡಿತೀವಿ."

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದೆ.

"ಉಪ್ಪು ನೋಡಿದಾಕಿ ಎಲ್ಲಿಗೆ ಹೋದ್ಲು ಅಂತ ನಾವೆಲ್ಲಾ ನೋಡೀವಲ್ಲಮ್ಮ" ಅಂದಳು. ಅಂದು ಮತ್ತೆ ಹಂಡೆ ತಿಕ್ಕತೊಡಗಿದಳು.

ಇಷ್ಟೇ ಬರೆಯಲು ಸಾಧ್ಯ ಇವತ್ತು.

ಮಹಾಂತಮ್ಮ


ಆದೋನಿ
ಸೋಮವಾರ, 14-3-1955

ತಂಗೀ,

ನೀನು ಉತ್ತರ ಬರೆಯದಿದ್ದರೂ ನಾನು ಬರೆಯುತ್ತೇನೆ. ಇದನ್ನು ಹೇಳಲು ಇಲ್ಲಿ ನನಗೆ ಬೇರೆ ಯಾರೂ ಇಲ್ಲ. ವೀರಬಸಮ್ಮನಿಗೆ ಹೇಳಿದರೆ ಹ್ಞೂಂ ಅಕ್ಕ ಅನ್ನುತ್ತಾಳೆ.

ಹೋದ ವಾರದಿಂದ ಅಡುಗೆ ಮಾಡುವಾಗ ನನ್ನ ಕೈಯನ್ನು ನಾನೇ ಕಾವಲು ಕಾಯುತ್ತಿದ್ದೇನೆ. ಬೇಳೆಗೆ ಉಪ್ಪು ಹಾಕುತ್ತೇನೆ. ಹಾಕಿ ಕೈ ಒರೆಸಿಕೊಳ್ಳುತ್ತೇನೆ. ಸ್ವಲ್ಪ ಹೊತ್ತಿಗೆ ಅದೇ ಕೈ ಮತ್ತೆ ಉಪ್ಪಿನ ಗಡಿಗೆಗೆ ಹೋಗುತ್ತದೆ. ಹೋಗು ಎಂದು ನಾನು ಹೇಳಿರುವುದಿಲ್ಲ. ಗಡಿಗೆಯ ಬಾಯಲ್ಲಿ ಅದನ್ನು ಹಿಡಿದು ನಿಲ್ಲಿಸಿದ ದಿನ ನನಗೆ ಹೆದರಿಕೆಯಾಯಿತು, ಬೇರೆ ಯಾರದೋ ಕೈ ಹಿಡಿದಂತೆ.

ಯಾಕೆ ಹೋಗುತ್ತದೆ ಎಂದು ಯೋಚಿಸಿದೆ. ನನ್ನ ಬಾಯಿಗೆ ಎಲ್ಲ ಸಪ್ಪೆ. ದಿನಾ ಸಪ್ಪೆ ಉಂಡವಳಿಗೆ ಒಳಗೊಳಗೇ ಒಂದು ಅಂಜಿಕೆ ಇರುತ್ತದೆ, ಈ ಮಕ್ಕಳಿಗೂ ಸಪ್ಪೆಯಾದೀತು ಎಂದು. ತಾಯಂದಿರನ್ನು ಬಿಟ್ಟು ಬಂದ ಮಕ್ಕಳು. ನನಗೆ ಇಲ್ಲದ್ದು ಅವರಿಗಾದರೂ ಕಡಿಮೆ ಬೀಳದಿರಲಿ ಎಂದು ಕೈ ತಾನೇ ಹೋಗುತ್ತದೆ. ಉಪ್ಪು ಬಿಟ್ಟರೂ ಹದ ತಪ್ಪದ ಕೈ ಎಂದು ಮರಿಬಸಪ್ಪನವರು ಹೊಗಳುತ್ತಿದ್ದರಲ್ಲ, ಉಪ್ಪು ಬಿಟ್ಟದ್ದರಿಂದಲೇ ಹದ ತಪ್ಪಿದ ಕೈ ಇದು. ಹದ ಮಾಡುತ್ತಿದ್ದವಳು ಒರಳಿನ ಹಿಂದೆ ನಿಂತಿದ್ದಳು.

ಮರುದಿನ ಕೈ ಬಿಗಿಹಿಡಿದು ಕಡಿಮೆ ಹಾಕಿದೆ. ಅವತ್ತೂ ಹುಡುಗರು ಸುಮ್ಮನೆ ಉಂಡರು. ಹೆಚ್ಚಿದ್ದರೂ ಪ್ರಸಾದ, ಕಡಿಮೆಯಿದ್ದರೂ ಪ್ರಸಾದ. ಸರಿಯೋ ತಪ್ಪೋ ಎಂದು ಹೇಳುವ ಒಂದು ಬಾಯಿ ಈ ನಿಲಯದಲ್ಲಿ ಇಲ್ಲ. ಕಣ್ಣು ಕಟ್ಟಿಕೊಂಡು ಸೂಜಿಗೆ ನೂಲು ಪೋಣಿಸಿದಂತೆ ದಿನವೂ ಅಡುಗೆ ಮಾಡುತ್ತಿದ್ದೇನೆ.

ನಿನ್ನೆ ಒಂದು ಹರಳು ಉಪ್ಪು ತೆಗೆದುಕೊಂಡೆ. ನಾಲಿಗೆ ಕಲಿಯಲಿ, ಸಾರು ನೋಡಿಯೇ ಬಿಡೋಣ ಅಂದುಕೊಂಡೆ. ತುಟಿಯವರೆಗೂ ತಂದೆ. ಒಡೆದ ತುಟಿಯ ನಿನ್ನ ಮುಖ ಕಣ್ಣೆದುರು ಬಂತು. ನಿನ್ನ ಜೀವ ಬೇಡಿಕೊಂಡು ಬಿಟ್ಟ ಉಪ್ಪು. ನಾನು ಇಲ್ಲಿ ನೆಕ್ಕಿ, ಅಲ್ಲಿ ಚಿಪ್ಪಗಿರಿಯಲ್ಲಿ ನಿನಗೆ ಏನಾದರೂ ಆದರೆ? ಹರಳನ್ನು ಗಡಿಗೆಗೆ ಹಾಕಿದೆ. ಮೂರ್ಖತನ ಎಂದು ಚಿಕ್ಕವರು ನಗಬಹುದು. ನೀನು ನಗುವುದಿಲ್ಲ ಎಂದು ಗೊತ್ತು.

ಒಂದೇ ಮಾತು ಕೇಳುತ್ತೇನೆ. ಎಂದಿನಿಂದ ನೋಡುತ್ತಿದ್ದೆ? ಒಂದು ದಿನವಾದರೂ ನನಗೆ ಯಾಕೆ ಹೇಳಲಿಲ್ಲ?

ಯುಗಾದಿಯ ನಂತರ ಮರಿಬಸಪ್ಪನವರ ತಾಯಿಯ ಪುಣ್ಯದಿನ ಬರುತ್ತದೆ. ಪೇಟೆಯ ವರ್ತಕರೆಲ್ಲ ಇಲ್ಲೇ ಉಣ್ಣುತ್ತಾರೆ. ಅವತ್ತು ನಾನು ಏನು ಮಾಡಲಿ? ಒಲೆ ಬಿಟ್ಟುಬಿಡಲೇ? ಬಿಟ್ಟು ಎಲ್ಲಿಗೆ ಹೋಗಲಿ, ಈ ಒಲೆಯೊಂದೇ ನನಗೆ ಗೊತ್ತಿರುವುದು. ಅವತ್ತು ಅಂದದ್ದು ನನ್ನ ತಪ್ಪು. ಬಂದುಬಿಡು.

ನಿನ್ನ ಅಕ್ಕ
ಮಹಾಂತಮ್ಮ


ಚಿಪ್ಪಗಿರಿ
ಬುಧವಾರ, 30-3-1955

ಅಕ್ಕಗ ಶಂಕರಮ್ಮನ ಶರಣು.

ಬರಕೊಡಾಕ ಕುಂತಾವ್ರು ನಮ್ಮೂರ ಸಾಲಿ ಚಿನ್ನಪ್ಪ ಮೇಷ್ಟ್ರು. ನಾನು ಹೇಳಿದಂಗ ಬರೀರಿ, ನನ್ನ ಮಾತು ತಿದ್ದಿ ಸುದ್ದ ಮಾಡಬ್ಯಾಡ್ರಿ ಅಂದೀನಿ. ನಿನ್ನ ಕಾಗದ ಎಲ್ಲಾ ಮುಟ್ಯಾವ. ಇವ್ರೇ ಓದಿ ಹೇಳ್ಯಾರ. ಎರಡೆರಡು ಸಲ ಓದಿಸೀನಿ.

ಎಂದಿನಿಂದ ಅಂತ ಕೇಳಿದಿ. ನೀನು ಉಪ್ಪು ಬಿಟ್ಟಾಗಿನಿಂದ. ಜ್ವರ ಬಿಟ್ಟು ಎದ್ದು ಬಂದು ಮೊದಲನೇ ಸಲ ಪಂಕ್ತಿಗೆ ಕುಂತೆ, ಸಾರು ನುಂಗಾಕ ಆಗಲಿಲ್ಲ. ನಾನು ಬದುಕಿದ್ದಕ್ಕ ನಿನ್ನ ನಾಲಿಗಿ ಹೋತು ಅಂತ ಆವಾಗ ತಿಳೀತು. ಹೋಗಲಿ, ಆಕಿ ನಾಲಿಗಿ ನಾನಾದ್ರಾತು ಅಂದ್ಕೊಂಡೆ. ಎಡಿ ಆಗೋಕಿಂತ ಮುಂಚೆ ನೋಡಿದ್ರ ಪಾಪ ಅಂತ ನನಗೂ ಗೊತ್ತಿತ್ತು. ಎಡಿ ಆದ ಮ್ಯಾಲೆ ನೋಡಿದ್ರ ಹದ ಮಾಡಾಕ ಯಾಳೇನ ಇರ್ತಿರಲಿಲ್ಲ. ಪಾಪ ಬಂದ್ರ ನನಗ ಬರಲಿ, ಹುಡುಗರು ಉಣ್ಣಲಿ. ಹೆಚ್ಚಾದ ದಿನ ಬ್ಯಾರೆ ಗಡಿಗ್ಯಾಗ ಸಪ್ಪನ ಬ್ಯಾಳಿ ಕುದಿಸಿ ಬೆರಸ್ತಿದ್ದೆ, ಹುಣಸಿ ಹಿಂಡ್ತಿದ್ದೆ, ಒಂಚೂರು ಬೆಲ್ಲ ಹಾಕ್ತಿದ್ದೆ. ನಿನ್ನ ಬೆನ್ನು ನನ್ನ ಕಡೀಗೆ ಇರ್ತಿತ್ತು.

ಯಾಕ ಹೇಳಲಿಲ್ಲ ಅಂತ ಕೇಳಿದಿ. ಒಮ್ಮೆ ಹೇಳಾಕ ಬಂದಿದ್ದೆ. ನೀನು ಹೊಳ್ಳಿ ನೋಡಿದಿ. ನಿನ್ನ ನೋಟ ನೀನು ಕಂಡಿಲ್ಲ ಅಕ್ಕ, ನಾವು ಕಂಡೀವಿ. ಬಾಯಿ ಮುಚ್ಚಿಕೊಂಡು ಹೋದೆ.

ಜನ ನಿನ್ನ ಕೈ ಹೊಗಳಿದ್ರ ನನಗ ಬ್ಯಾಸರ ಇರಲಿಲ್ಲ. ಆದ್ರ ಅವ್ರು ಹೊಗಳೋ ಹೊತ್ನ್ಯಾಗ ನೀನು ಒಮ್ಮೆರ ನನ್ನ ಕಡೀಗೆ ನೋಡಲಿಲ್ಲ. ಅದು ಐತಿ.

ತಪ್ಪಾತು ಅಂತ ಕಾಗದದಾಗ ಬರದಿ. ಇದನ್ನ ಓದಿದಾವ್ರು ಮೇಷ್ಟ್ರು ಒಬ್ರು. ಎಂಜಲು ಮಾಡ್ದಾಕಿ ಅಂತ ಕೇಳಿದಾವ್ರು ಪಂಕ್ತಿ ತುಂಬ ಇದ್ರು. ನನಗ ಇದು ಸಾಲದು. ನಾನು ಬರಂಗಿಲ್ಲ.

ಉಪ್ಪು ಮಾತ್ರ ಮುಟ್ಟಬ್ಯಾಡ. ನನಗ ಇನ್ನಾ ಬದುಕೋ ಆಸಿ ಐತಿ.

ಮಂಡಿ ನೋವು ಹಂಗ ಐತಿ.

ಶಂಕರಮ್ಮನ ಹೆಬ್ಬೆಟ್ಟು


ಆದೋನಿ
ಸೋಮವಾರ, 11-4-1955

ತಂಗಿ ಶಂಕರಮ್ಮನಿಗೆ ಅಕ್ಕನ ಶರಣು.

ಉಪವಾಸದ ದಿನ. ಹುಡುಗರ ಪರೀಕ್ಷೆ ಮುಗಿದು ಅರ್ಧ ಮಂದಿ ಊರಿಗೆ ಹೋದರು. ಒಂದೇ ಒಲೆ ಹಚ್ಚಿದ್ದೇನೆ. ಬೆಳಗಿನಿಂದ ಶೇಂಗಾ ಹುರಿದು, ಸಿಪ್ಪೆ ತೂರಿ, ಒರಳಲ್ಲಿ ಕುಟ್ಟಿ ಒಂದು ಪುಡಿ ಮಾಡಿದೆ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ನಿನ್ನ ಕಾಗದ ಓದಿ ಒಂದಿಡೀ ದಿನ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಎರಡನೇ ದಿನ ವೀರಬಸಮ್ಮನ ಕನ್ನಡಿ ಇಸಿದುಕೊಂಡು, ಅಡುಗೆಮನೆಯಲ್ಲಿ ಯಾರೋ ತಪ್ಪು ಮಾಡಿದಾಗ ಹೊರಳಿ ನೋಡುವ ಹಾಗೆ ನೋಡಿಕೊಂಡೆ. ಕನ್ನಡಿ ಹಿಂದಕ್ಕೆ ಕೊಟ್ಟೆ. ಅದರ ಬಗ್ಗೆ ಇನ್ನು ಏನೂ ಬರೆಯುವುದಿಲ್ಲ, ನಿನಗೆ ಗೊತ್ತಿರುವುದೇ.

ಪೂಜೆಗೆ ಬರುವ ಅಯ್ಯನವರನ್ನು ಕೇಳಿದೆ, ಎಡೆಗೆ ಮುಂಚೆ ಉಪ್ಪು ನೋಡಲು ದಾರಿ ಇದೆಯೇ ಎಂದು. ಅವರು ನಕ್ಕುಬಿಟ್ಟರು. "ಗುರುವಿನ ಮುಂದ ಹಂಡೆನ ತಂದಿಡಬೇಕು ಅಂತ ಯಾರು ಹೇಳ್ಯಾರವ್ವ? ಕುದಿಯೋ ಹೊತ್ನ್ಯಾಗ ಒಂದು ಬಟ್ಟಲು ತಗದು ಎಡಿ ಹಿಡಿ. ಆಮ್ಯಾಲೆ ನೋಡಾವ್ರು ನೋಡಲಿ, ಹದ ಮಾಡಾವ್ರು ಮಾಡಲಿ." ಇಷ್ಟೇ ನೋಡು ತಂಗಿ. ಇಷ್ಟನ್ನು ಕೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ನನಗೆ ತಿಳಿಯದ್ದು ಒಲೆಯ ಮುಂದೆ ಏನೂ ಇಲ್ಲ ಎಂದುಕೊಂಡವಳು ಯಾರನ್ನು ಕೇಳುತ್ತಾಳೆ.

ಪುಣ್ಯದಿನ ಮೊನ್ನೆ ಗುರುವಾರ ಆಯಿತು. ಬಟ್ಟಲು ತೆಗೆದು ಮೊದಲೇ ಎಡೆ ಹಿಡಿದೆ. ಆ ಬಟ್ಟಲನ್ನು ವೀರಬಸಮ್ಮನ ಕೈಗೆ ಕೊಟ್ಟು ಉಪ್ಪು ನೋಡು ಅಂದೆ. ನೋಡಿದಳು. ಹೆಚ್ಚಾಯಿತಾ ಅಂದೆ. ಹ್ಞೂಂ ಅಕ್ಕ. ಕಡಿಮೆಯಾಯಿತಾ ಅಂದೆ. ಹ್ಞೂಂ ಅಕ್ಕ. ಅವಳನ್ನು ಬೈಯಲು ಬಾಯಿ ತೆರೆದು ಮುಚ್ಚಿದೆ. ನನ್ನನ್ನು ಕಂಡರೆ ಹಾಗಾಗುತ್ತಾಳೆ, ಬೇರೆಯವರ ಹತ್ತಿರ ಚೆನ್ನಾಗಿಯೇ ಮಾತಾಡುತ್ತಾಳಂತೆ.

ಹೊರಗೆ ಎಲೆ ಹಾಕಿದ್ದರು. ಪೇಟೆಯವರು, ಹುಡುಗರು, ಮರಿಬಸಪ್ಪನವರ ಬೀಗರು ಎಲ್ಲ ಕೂತಿದ್ದರು. ಬಡಿಸಿ ಆಯಿತು. ಇನ್ನೇನು ಕೈಯಿಡಬೇಕು, ನಾನು ಹೊಸ್ತಿಲು ದಾಟಿ ಪಂಕ್ತಿಯ ನಡುವೆ ಬಂದು ನಿಂತೆ. ನೀನು ಗಂಟು ಹಿಡಿದು ನಿಂತಿದ್ದೆಯಲ್ಲ, ಅದೇ ಕಂಬದ ಹತ್ತಿರ. ಕಂಬ ಹಿಡಿದುಕೊಂಡೆ. ಏನಂದೆ ಎಂದರೆ, ಅಂದ ಹಾಗೇ ಬರೆಯುತ್ತೇನೆ:

"ಕಾರ್ತಿಕದಾಗ ಆ ಹೊಸ್ತಿಲದಾಗ ನಿಂತು ಶಂಕರಮ್ಮಗ ಎಂಜಲು ಮಾಡ್ದಾಕಿ ಅಂದೆ. ಆಕಿ ಉಪ್ಪು ನೋಡಿ ಹದ ಮಾಡ್ತಿದ್ಲು ಅಂತ ನೀವೆಲ್ಲಾ ಇಷ್ಟು ವರ್ಷ ಉಂಡ್ರಿ. ಹೆಸರು ನನಗ ಬಂತು. ಕೈ ನನ್ನದಿತ್ತು, ಹದ ಆಕೀದು. ಇವತ್ತು ಆಕಿ ಇಲ್ಲ. ಸಾರು ಹೆಂಗ ಆಗೇತೋ ನನಗ ಗೊತ್ತಿಲ್ಲ. ಎಡಿ ಆಗೇತಿ. ಬಾಯಾಗಿಟ್ಟು ನೋಡಿ ಖರೇ ಹೇಳ್ರಿ. ಪ್ರಸಾದ ಅನಬ್ಯಾಡ್ರಿ."

ಮರಿಬಸಪ್ಪನವರು ಬೆರಳಿನಿಂದ ಸಾರು ತೆಗೆದು ನಾಲಿಗೆಗೆ ಮುಟ್ಟಿಸಿದರು. ಅವರ ತಾಯಿಯ ಪುಣ್ಯದಿನ. "ಹೆಚ್ಚೈತಿ, ಮಹಾಂತಮ್ಮ" ಅಂದರು, ಮೆಲ್ಲಗೆ, ಸಾವಿನ ಸುದ್ದಿ ಹೇಳುವವರ ಹಾಗೆ.

ಬಾಗಿಲಲ್ಲಿ ಕೊಡ ಹೊತ್ತು ನಿಂತಿದ್ದ ಸುಂಕಣ್ಣ, "ನಾನು ಹೇಳಿಲ್ಲೇನ್ರಿ, ಹರವಿನ ಕೇಳ್ರಿ, ಅದೂ ಹೇಳ್ತೈತಿ" ಅಂದ. ಒಬ್ಬ ಹುಡುಗ ಫಕ್ಕನೆ ನಕ್ಕ. ಆಮೇಲೆ ಇಡೀ ಪಂಕ್ತಿ ನಕ್ಕಿತು. ಒಮ್ಮೆ ಬಾಯಿ ಬಿಚ್ಚಿದ ಮೇಲೆ ಕೇಳಬೇಕೇ. ಹುಳಿಯೂ ಜಾಸ್ತಿ ಎಂದರು. ರೊಟ್ಟಿಯ ಅಂಚು ಹಸಿ ಎಂದರು. ಬೀಗರ ಪೈಕಿ ಒಬ್ಬ ಮುದುಕ ಪಲ್ಯದಲ್ಲಿ ಬದನೆಕಾಯಿಯ ತೊಟ್ಟು ಸಿಕ್ಕಿತೆಂದು ಎತ್ತಿ ತೋರಿಸಿದ. ಹುಗ್ಗಿಯೊಂದು ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದರು, ಅದಕ್ಕೆ ಉಪ್ಪಿನ ಹಂಗಿಲ್ಲ. ನಾನು ಕಂಬ ಹಿಡಿದು ಎಲ್ಲ ಕೇಳಿಸಿಕೊಂಡೆ. ಮುಖಕ್ಕೆ ಬೆಂಕಿಯ ಕಾವು ಹೊಡೆದ ಹಾಗಿತ್ತು. ಆದರೂ ಒಳಗೆ ಓಡಿಹೋಗಲಿಲ್ಲ.

ಅವರನ್ನು ಹುಗ್ಗಿಯ ಮುಂದೆ ಬಿಟ್ಟು ಒಳಗೆ ಬಂದೆ. ನೀನು ಬರೆಸಿದ ಹಾಗೇ ಸಪ್ಪೆ ಬೇಳೆಯನ್ನು ಮೊದಲೇ ಕುದಿಸಿಟ್ಟಿದ್ದೆ. ಬೆರೆಸಿದೆ, ಬೆಲ್ಲ ಹಾಕಿದೆ. ಒಂದು ಸೌಟು ಒಯ್ದು ಆ ದೊಡ್ಡ ಹುಡುಗನಿಗೆ ಹಾಕಿ ಕಣ್ಣಲ್ಲಿ ಕಣ್ಣಿಟ್ಟು ನಿಂತೆ. ನೋಟ ಸರಿಮಾಡಿಕೊಂಡು ನಿಂತೆ. ಇನ್ನೂ ಸ್ವಲ್ಪ ಹೆಚ್ಚು ಅಮ್ಮ, ಆದರೆ ಉಣ್ಣಬಹುದು ಅಂದ. ಇಷ್ಟು ವರ್ಷ ಕೇಳಿದ ಹೊಗಳಿಕೆಯಲ್ಲಿ ಈ ಒಂದು ಮಾತನ್ನೇ ನಾನು ಗಂಟು ಕಟ್ಟಿ ಇಟ್ಟುಕೊಂಡಿದ್ದೇನೆ.

ಹೊರಡುವಾಗ ಮರಿಬಸಪ್ಪನವರು ಅಡುಗೆಮನೆಯ ಬಾಗಿಲಿಗೆ ಬಂದರು. "ಅವತ್ತು ನಾನೂ ಸುಮ್ಮನ ಕುಂತಿದ್ದೆ. ಆಕಿಗೆ ಅದನ್ನೂ ಬರೀರಿ" ಅಂದರು. ಬರೆದಿದ್ದೇನೆ.

ಪಂಕ್ತಿಯ ಮುಂದೆ ಹೇಳಿದ್ದು ನಿನಗೆ ಸಾಕೋ ಸಾಲದೋ ನನಗೆ ಗೊತ್ತಿಲ್ಲ. ಸಾಲದಿದ್ದರೆ ಸಾಲದು ಎಂದೇ ಹೇಳು. ಬಾ ಎಂದು ಈ ಸಲ ನಾನು ಬರೆಯುವುದಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಎರಡೂ ಒಲೆ ಹಚ್ಚಬೇಕು, ಅಷ್ಟು ಹೇಳುತ್ತೇನೆ. ವೀರಬಸಮ್ಮ ರೊಟ್ಟಿಗೆ ಇರುತ್ತಾಳೆ, ಅಂಚು ಚೆನ್ನಾಗಿ ಬೇಯಿಸುತ್ತಾಳೆ. ಗೋಡೆಯ ಆ ಜಾಗ ಹಾಗೇ ಇದೆ.

ಈಗ ಶೇಂಗಾ ಪುಡಿಯ ವಿಷಯ. ಇದರ ಜೊತೆ ಬಾಳೆಯ ಪಟ್ಟೆಯಲ್ಲಿ ಕಟ್ಟಿ ಕಳಿಸಿದ್ದೇನೆ. ಉಪ್ಪು ಹಾಕಿದೆ. ಸ್ವಲ್ಪ ಹೊತ್ತಿಗೆ ಕೈ ಮತ್ತೆ ಗಡಿಗೆಗೆ ಹೊರಟಿತು. ಹಿಡಿದೆ. ಹಿಡಿದದ್ದು ಸರಿಯಾಯಿತೋ, ಹಿಡಿಯಬಾರದಿತ್ತೋ, ನನಗೆ ತಿಳಿಯುವ ದಾರಿಯಿಲ್ಲ. ಪುಡಿಗೆ ಎಡೆಯಾಗಿದೆ, ಧೈರ್ಯವಾಗಿ ಬಾಯಿಗೆ ಹಾಕಿಕೋ.

ತರುವವನು ಮಾರೆಣ್ಣ, ಮರಿಬಸಪ್ಪನವರ ಅಂಗಡಿಯ ಬಂಡಿ ಹೊಡೆಯುವವನು. ಚಿಪ್ಪಗಿರಿಗೆ ದನದ ಹಿಂಡಿಯ ಮೂಟೆ ಹಾಕಿ ಮರುದಿನವೇ ಹಿಂದಕ್ಕೆ ಬರುತ್ತಾನೆ. ಚಿನ್ನಪ್ಪ ಮೇಷ್ಟ್ರು ಸಿಗದಿದ್ದರೆ ಕಾಗದ ಬೇಡ, ಅವನ ಬಾಯಿಗೆ ಹೇಳಿ ಕಳಿಸು. ಅವನು ಮರೆಗುಳಿ, ಆದರೆ ಹೆಚ್ಚು ಅಥವಾ ಕಡಿಮೆ ಎಂಬ ಒಂದು ಮಾತನ್ನು ಹೊತ್ತು ತರುತ್ತಾನೆ. ಅವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಪುಡಿ ತಿಂದು ನೋಡು. ನೀನು ಏನಂದೆಯೋ ಅದನ್ನೇ ಅವನು ನನಗೆ ತಂದುಕೊಡಲಿ. ಚೆನ್ನಾಗಿದೆ ಎಂದು ಮಾತ್ರ, ನನ್ನ ಮನಸ್ಸು ನೋಯುತ್ತದೆಂದು, ಹೇಳಿ ಕಳಿಸಬೇಡ.

ನಿನ್ನ ಅಕ್ಕ
ಮಹಾಂತಮ್ಮ